ಮಮತಾ ಸಾರಿ ಸೆಂಟರಿನ ಮಮತಾ

ಗದಗಿನ ಮಮತಾ ಸಾರಿ ಸೆಂಟರಿಗೆ ಈಗ ನಾಲ್ಕು ಮಹಡಿ. ಗಾಜಿನ ಬಾಗಿಲಿಗೊಬ್ಬ ಆಳು, ಲಿಫ್ಟಿಗೊಬ್ಬ ಆಳು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯವರು ಮದುವೆ ಜವಳಿಗೆಂದು ಗಾಡಿ ಮಾಡಿಕೊಂಡು ಬರುತ್ತಾರೆ. ಬಂದವರು ಎರಡನೇ ಮಹಡಿಗೆ ಹೋಗಿ ಹುಲಗಪ್ಪನ ಗಾದಿಯ ಮುಂದೆಯೇ ಕೂರುತ್ತಾರೆ. ಕಣಗಿನಹಾಳದ ಹುಲಗಪ್ಪ ಈ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಲು ತೊಡಗಿ ಮೂವತ್ತೊಂಬತ್ತು ವರ್ಷವಾಯಿತು.

ಸೀರೆ ಆರಿಸುವಾಗ ಯಾರಾದರೂ, "ಈ ಮಮತಾ ಅಂದ್ರ ಯಾರ್ರೀ?" ಎಂದು ಕೇಳಿದರೆ ಅವನು ಕೈಯಲ್ಲಿದ್ದ ಸೆರಗನ್ನು ಹಾಗೆಯೇ ಹಿಡಿದು ಹೇಳುತ್ತಿದ್ದ. ಅಂಗಡಿ ಕಟ್ಟಿದ ಉಳವಪ್ಪ ಸಾಹುಕಾರರ ಚೊಚ್ಚಲ ಮಗಳು. ಎಂಟು ತಿಂಗಳಿನ ಕೂಸು, ಜ್ವರ ಬಂದು ತೀರಿಕೊಂಡಿತು. ಅಂಗಡಿಗೆ ಅದರ ಹೆಸರಿನ ಬೋರ್ಡು ಏರಿಸಿದ ದಿನ ಸಾಹುಕಾರರು ಕಣ್ಣೀರು ಹಾಕಿದ್ದರು. ಕೇಳಿದ ಹೆಂಗಸರು ಲೊಚಗುಟ್ಟುತ್ತಿದ್ದರು. ಶಿಗ್ಲಿಯ ಒಬ್ಬಾಕೆಯಂತೂ ಮೊಮ್ಮಗಳಿಗೆ ಅದೇ ಹೆಸರಿಟ್ಟಿದ್ದಳು.

ಈ ವರ್ಷ ಅಂಗಡಿಗೆ ಐವತ್ತು ತುಂಬಿತು. ಸಾಹುಕಾರರು ತೀರಿಕೊಂಡು ಆಗಲೇ ಒಂಬತ್ತು ವರ್ಷ. ಸೊಸೆ ಶಾಂಭವಿ ಅಂಗಡಿಯ ಇತಿಹಾಸವನ್ನು ಬರೆಸಿ ಕೆಳಗಿನ ಗೋಡೆಗೆ ಹಾಕಿಸಬೇಕೆಂದು ಹೊರಟಳು. ಹುಲಗಪ್ಪನನ್ನು ಕೂರಿಸಿಕೊಂಡು ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು ಮನೆಗೆ ಹೋಗಿ ಅತ್ತೆ ಗದಿಗೆವ್ವನಿಗೆ ಓದಿ ಹೇಳಿದಳು.

ಮರುದಿನ ಬೆಳಿಗ್ಗೆ ಹುಲಗಪ್ಪನಿಗೆ ಸಾಹುಕಾರರ ಮನೆಯಿಂದ ಕರೆ ಬಂತು.

ಗದಿಗೆವ್ವನಿಗೆ ಎಂಬತ್ತರ ಮೇಲಾಗಿತ್ತು. ಸೊಸೆಯನ್ನು ಒಳಗೆ ಕಳಿಸಿ ಕೇಳಿದಳು: "ನಾ ಹಡದದ್ದು ಮೂರೂ ಗಂಡು. ಈ ಹೆಣ್ಣಕೂಸು ಯಾರದು, ಹುಲಗಪ್ಪ?"

ಹುಲಗಪ್ಪ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ.

"ನಾನೂ ಒಂದ ಸಲ ಅವರನ್ನ ಕೇಳಿದ್ದೆ. ಹೆಸರು ಚಲೋ ಐತಿ, ಇಟ್ಟೆ ಅಂದ್ರು. ಅಲ್ಲಿಗೇ ಬಿಟ್ಟೆ." ಆಕೆ ದನಿ ತಗ್ಗಿಸಿದಳು. "ಖರೆ ಹೇಳು. ನನಗ ತಿಳೀದಂಗ ಅವರಿಗೆ ಬ್ಯಾರೆ ಮನಿ ಇತ್ತೇನು?"

"ಛೇ, ಇಲ್ರಿ ಅವ್ವಾರ."

"ಮತ್ತ ನಿನಗ ಇದನ್ನ ಯಾರು ಹೇಳಿದ್ರು?"

ಅದೇ ಅವನಿಗೂ ತಿಳಿಯದಾಯಿತು. ಸಾಹುಕಾರರೇ ಹೇಳಿದ್ದರೆಂದು ಇಷ್ಟು ವರ್ಷ ನಂಬಿದ್ದ. ಎಲ್ಲಿ, ಯಾವಾಗ, ಯಾವ ಮಾತಿನಲ್ಲಿ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಕೂಸಿನ ಮುಖ ಮಾತ್ರ ಕಣ್ಣೆದುರೇ ಇತ್ತು: ದುಂಡು ಮುಖ, ಹುಬ್ಬಿನ ಮೇಲೆ ದೃಷ್ಟಿಬೊಟ್ಟು. ತಾನು ನೋಡಿಯೇ ಇರದ ಕೂಸು ಅದು.

ಮಧ್ಯಾಹ್ನ ಊಟ ಬಿಟ್ಟು ಬೆಟಗೇರಿಗೆ ಹೋದ. ಹಳೆಯ ಅಂಗಡಿಯ ಕಟ್ಟೆಯ ಮೇಲೆ ಮೊದಲ ದಿನದಿಂದ ಜಂಪರು ಹೊಲಿಯುತ್ತಿದ್ದ ಟೇಲರ್ ಮಾಶಾಕ ಈಗ ಮನೆಯಲ್ಲೇ ಇರುತ್ತಿದ್ದ. ಅವನು ಹೇಳಿರಬೇಕು ಎಂಬ ಆಸೆ ಹುಲಗಪ್ಪನಿಗೆ.

"ಮಾಶಾಕಣ್ಣ, ಆ ಮಮತಾನ ಕಥಿ ನನಗ ನೀ ಹೇಳಿದ್ದೇನು?"

ಮಾಶಾಕ ಅವನನ್ನೇ ನೋಡಿದ. "ನಾ ಎಲ್ಲಿ ಹೇಳಲೇ? ನನಗ ನೀನಽ ಹೇಳಿದ್ದಿ. ಪಾಪ ಅಂತ ನಮ್ಮ ಮನಿಯಾಕಿ ಗೌಸಬಿ ಮುಂದೂ ಹೇಳೇನಿ."

ಹುಲಗಪ್ಪ ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕುಳಿತ. "ಹಂಗಾರ ಹೆಸರು ಎಲ್ಲಿಂದ ಬಂತು?"

"ಬೋರ್ಡು ಹಳೇದು ತಂದಿದ್ರು. ಮುಂಚೆ ಯಾವುದೋ ಫೋಟೋ ಸ್ಟುಡಿಯೋದ್ದು. ಮಮತಾ ಅನ್ನೋದು ಹಂಗಽ ಬಿಟ್ಟು, ಮುಂದಿಂದು ಕೆರೆದು, ಸಾರಿ ಸೆಂಟರ್ ಅಂತ ಬರಸಿದ್ರು." ಮಾಶಾಕ ತಲೆ ಕೆರೆದುಕೊಂಡ. "ಸ್ಟುಡಿಯೋದ್ದೋ, ಹಿಟ್ಟಿನ ಗಿರಣೀದೋ. ಈಗ ಆಣಿ ಮಾಡಿ ಹೇಳಾಕ ಬರೂದಿಲ್ಲ ನೋಡು."

ಇದು ಸಾಕೋ ಸಾಲದೋ ಹುಲಗಪ್ಪನಿಗೆ ತಿಳಿಯಲಿಲ್ಲ. ತನ್ನ ಬಾಯಿಂದ ಹೋದ ಮಾತು ಮುದುಕಿಯ ಎದೆಯಲ್ಲಿ ಮುಳ್ಳಾಗಿ ಕೂತಿದೆಯೆಂಬುದು ಮಾತ್ರ ತಿಳಿಯಿತು. ಅಂಗಡಿಗೆ ಹೋಗದೆ ನೇರ ಸಾಹುಕಾರರ ಮನೆಗೇ ಬಂದ. ಬೋರ್ಡಿನ ಸಂಗತಿ ಹೇಳಿದ. ಅದು ಗಿರಣಿಯದೂ ಇರಬಹುದೆಂಬುದನ್ನೂ ಮುಚ್ಚಿಡಲಿಲ್ಲ.

ಗದಿಗೆವ್ವ ಕೇಳಿಸಿಕೊಂಡಳು. "ಅತ್ತಿದ್ರು ಅಂತ ಹೇಳೀಯಲ್ಲ, ಅದೂ ಸುಳ್ಳೇನು?"

ಹುಲಗಪ್ಪ ತಬ್ಬಿಬ್ಬಾದ. ಬೋರ್ಡು ಏರಿಸಿದ ದಿನ ತಾನಿರಲೇ ಇಲ್ಲ. ಆದರೆ ಸಾಹುಕಾರರು ಅತ್ತದ್ದನ್ನು ಅವನು ನೋಡಿದ್ದ. ಅದೊಂದು ಖರೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಗೋದಾಮಿಗೆ ಸೀರೆ ತರಲು ಹೋದಾಗ, ಅವರು ಗಂಟಿನ ಮೇಲೆ ಕೂತು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇವನನ್ನು ಕಂಡು ಎದ್ದು ಹೋದರು. ಯಾಕೆಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಆ ಅಳುವಿಗೆ ಒಂದು ಕಾರಣ ಬೇಕಾಗಿ ತಾನೇ ಆ ಕೂಸನ್ನು ಹುಟ್ಟಿಸಿದೆನೇ? ಇದ್ದರೂ ಇರಬಹುದು.

ಹೇಳಲೋ ಬೇಡವೋ ಎನ್ನುತ್ತಲೇ ಎಲ್ಲವನ್ನೂ ಹೇಳಿಬಿಟ್ಟ. "ಯಾಕ ಅತ್ತರಂತ ಗೊತ್ತಿಲ್ರಿ. ಕೂಸಿಂದು ನನ್ನ ತಪ್ಪು, ಅವ್ವಾರ."

"ಐವತ್ತು ವರ್ಷದ ಮ್ಯಾಲೆ ಸಂಸಾರ ಮಾಡೇನಿ. ನನ್ನ ಮುಂದ ಒಂದಿನಾನೂ ಅವರು ಅತ್ತಿದ್ದಿಲ್ಲ," ಎಂದಳು. ಆಮೇಲೆ, "ಚಹಾ ಕುಡಿದು ಹೋಗು," ಎಂದಳು.

ಗೋಡೆಯ ಮೇಲೆ ಇಸವಿ ಬಂತು, ಹಳೆಯ ಫೋಟೋಗಳು ಬಂದವು, ಹೆಸರಿನ ಬಗ್ಗೆ ಒಂದಕ್ಷರವೂ ಬರಲಿಲ್ಲ. ಬರೆಯುವುದು ಬೇಡವೆಂದು ಗದಿಗೆವ್ವನೇ ಹೇಳಿದಳಂತೆ. ಹುಲಗಪ್ಪನ ಮೇಲೆ ಆಕೆ ಸಿಟ್ಟಾಗಲಿಲ್ಲ. ಈಗ ತಿಂಗಳಿಗೊಮ್ಮೆ ಅವನನ್ನು ಮನೆಗೆ ಕರೆಸುತ್ತಾಳೆ. ಗೋದಾಮಿನಲ್ಲಿ ಸಾಹುಕಾರರು ಯಾವ ಕಡೆ ಮುಖ ಮಾಡಿ ಕೂತಿದ್ದರು, ಅದು ಬೇಸಿಗೆಯೋ ಮಳೆಗಾಲವೋ ಎಂದು ಕೇಳುತ್ತಾಳೆ. ಹುಲಗಪ್ಪ ಒಂದೊಂದು ಮಾತನ್ನೂ ತಡೆದು ತಡೆದು ಹೇಳುತ್ತಾನೆ. ನೆನಪಾಗದ ಕಡೆ, "ಗೊತ್ತಿಲ್ರಿ ಅವ್ವಾರ," ಎಂದಷ್ಟೇ ಹೇಳುತ್ತಾನೆ.