ತಿದಿ ಒತ್ತುವ ಕೈ

ಅಜ್ಜಂಪುರದ ಹತ್ತಿರ ಒಂದು ಹಳ್ಳಿಯಲ್ಲಿ ಪೌರಾಣಿಕ ನಾಟಕದ ಪ್ರಾಕ್ಟೀಸು. ಭೀಮನ ಪದ್ಯಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದೆ. ನಡುವೆ ಸ್ವರ ಕುಗ್ಗಿತು. ಮತ್ತೆ ಎತ್ತಿದೆ. ಮತ್ತೆ ಕುಗ್ಗಿತು.

"ತಿದಿ ಸೋರ್ತೈತೆ ಕಣ್ರೋ," ಅಂದೆ.

ನಾಟಕದ ಮೇಷ್ಟ್ರಿಗೆ ಬೇರೇನು ಹೊಳೆದೀತು? ಬಲಗೈ ಸ್ವರದ ಮನೆಗಳ ಮೇಲೆ ಓಡುತ್ತದೆ, ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ತುಂಬುತ್ತದೆ. ಗಾಳಿ ಸಾಲದಿದ್ದರೆ ತಪ್ಪು ಪೆಟ್ಟಿಗೆಯದೇ. ಸ್ಕ್ರೂ ಬಿಚ್ಚಿಸಿ, ತಿದಿಯ ಮಡಿಕೆಗಳಿಗೆ ಕೆನ್ನೆ ಹಿಡಿದು ತೂತು ಹುಡುಕಿದೆ. ಅನುಮಾನ ಬಂದ ಕಡೆಯೆಲ್ಲ ಗೋಂದು ಹಚ್ಚಿಸಿ, ಒಣಗಲಿ ಎಂದು ಕಾಯುತ್ತ ಕೂತೆ. ಭೀಮನ ಪಾತ್ರದ ಶಿವಣ್ಣ, ಕಡೂರಿನ ಕೊಬ್ಬರಿ ವ್ಯಾಪಾರಿ, ನನ್ನ ಮುಖವನ್ನೇ ದಿಟ್ಟಿಸಿದ.

"ಮೇಷ್ಟ್ರೇ, ನಿಮ್ ಬಾಯಿ ಯಾಕೆ ಸೊಟ್ಟಗಾಗೈತೆ?"

ಪೆಟ್ಟಿಗೆ ಸರಿಯಾಗಿಯೇ ಇತ್ತು.

ಅವನ ಕಾರಿನಲ್ಲೇ ಆಸ್ಪತ್ರೆಗೆ. ಸ್ಕ್ಯಾನ್, ಡ್ರಿಪ್, ಐಸಿಯು. "ಸ್ಟ್ರೋಕ್. ತಡವಾಗಿ ಬಂದಿದ್ದೀರಿ," ಎಂದರು ಡಾಕ್ಟರ್. ಗೋಂದು ಒಣಗಲೆಂದು ಕಾದ ಕಥೆ ಹೇಳಲು ನಾಚಿಕೆಯಾಯಿತು. ಮಾತು ಮರಳಿತು, ನಡಿಗೆ ಮರಳಿತು. ಎಡಗೈ ಮರಳಲಿಲ್ಲ. ಫಿಸಿಯೋಥೆರಪಿಗೆಂದು ಕೊಟ್ಟ ರಬ್ಬರ್ ಚೆಂಡು ಜಾರಿ ಜಾರಿ ಮಂಚದಡಿ ಸೇರುತ್ತಿತ್ತು.

"ಮತ್ತೆ ನುಡಿಸ್ಬಹುದಾ ಡಾಕ್ಟ್ರೇ?"

"ನೋಡೋಣ."

ಸುಳ್ಳೇಕೆ ಹೇಳಲಿ, ಅವತ್ತು ಬದುಕೇ ಬೇಡವೆನಿಸಿತು.

ಬೀರೂರಿನ ಮನೆಗೆ ಬಂದವನೇ ಪೆಟ್ಟಿಗೆಗೆ ಬಟ್ಟೆ ಹೊದಿಸಿದೆ. ಮೀಸೆ ಮೂಡುವ ವಯಸ್ಸಿನಿಂದ ಕಡೂರು, ತರೀಕೆರೆ ಸುತ್ತಿನ ಎಷ್ಟು ದುರ್ಯೋಧನರಿಗೆ, ಎಷ್ಟು ದ್ರೌಪದಿಯರಿಗೆ ಶ್ರುತಿ ಕೊಟ್ಟೆನೋ! ನನಗೋಸ್ಕರ ಅಂತ ನುಡಿಸಿಕೊಳ್ಳುತ್ತಿದ್ದುದು ಮಾತ್ರ ಭೀಮ್‌ಪಲಾಸ್ ರಾಗ ಒಂದೇ, ಸಂಜೆ ಹೊತ್ತು, ಒಬ್ಬನೇ ಕೂತು. ದಿನದ ಸಿಟ್ಟೆಲ್ಲ ಅದರಲ್ಲಿ ಇಳಿದುಹೋಗುತ್ತಿತ್ತು. ಹೆಂಡತಿ ಸರೋಜ ಕೂಡ ಪೆಟ್ಟಿಗೆ ಮುಟ್ಟುವ ಹಾಗಿರಲಿಲ್ಲ. ಅಂಥ ದೂರ್ವಾಸ ನಾನು.

ಒಂದು ಸಂಜೆ ಅವಳೇ ಬಟ್ಟೆ ಎಳೆದು ಪೆಟ್ಟಿಗೆಯ ಹಿಂದೆ ಕೂತಳು.

"ನಾನು ಗಾಳಿ ಹಾಕ್ತೀನಿ. ನೀವು ನುಡ್ಸಿ."

"ನಿನಗೇನೇ ಗೊತ್ತು? ಹೋಗೇ ಸುಮ್ನೆ."

"ಒಲೆ ಊದಿ ಊದಿ ಸಂಸಾರ ಮಾಡಿದೋಳು ನಾನು. ಇದೇನು ಮಹಾ!"

ಮೊದಲು ಜೋರಾಗಿ ಒತ್ತಿದಳು, ಸ್ವರ ಕಿರುಚಿತು. ಆಮೇಲೆ ನನ್ನ ಬೆರಳು ನೋಡುತ್ತ ಒತ್ತುವುದನ್ನೇ ಮರೆತಳು, ಸ್ವರ ನಿಂತಿತು. ಬೈದೆ. ನಕ್ಕಳು. ಸ್ವಲ್ಪ ಹೊತ್ತಿಗೆ ಅವಳ ಕೈ ನನ್ನ ಬೆರಳಿಗೆ ಹೊಂದಿಕೊಂಡಿತೋ, ನನ್ನ ಬೆರಳೇ ಅವಳ ಕೈಗೆ ಕಾಯುವುದನ್ನು ಕಲಿಯಿತೋ, ಭೀಮ್‌ಪಲಾಸ್ ಬಂತು. ಮೊದಲಿನ ಓಟ ಇಲ್ಲ, ಕುಂಟುತ್ತ ಬಂತು. ಅತ್ತುಬಿಟ್ಟೆ.

ಎಡಗೈ ಇವತ್ತಿಗೂ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ನಾಟಕಗಳಿಗೆ ಬೇರೆಯವರು ಹೋಗುತ್ತಾರೆ. ಹೊಟ್ಟೆ ಉರಿಯುತ್ತದೆ, ಆದರೂ ಒಪ್ಪಿಕೊಂಡಿದ್ದೇನೆ. ನಿನ್ನೆ ಸರೋಜ ರಟ್ಟೆ ತಿಕ್ಕಿಕೊಳ್ಳುವುದು ಕಂಡು, "ಸಾಕು ಬಿಡೇ," ಅಂದೆ.

"ನೀವು ನುಡ್ಸ್ರೀ," ಅಂದಳು. "ಮದ್ವೆಯಾದಾಗ್ನಿಂದ ಇದನ್ನ ಅಡ್ಗೆಮನೇಲಿ ನಿಂತೇ ಕೇಳಿದ್ದೀನಿ. ಹತ್ರ ಕೂತು ಕೇಳ್ತಿರೋದು ಈಗ್ಲೇ."