ಹೆಗಲ ಮೇಲೆ ಬಿದ್ದ ಕೈ

ಸಾವುಕಾರನ ಕೈ ನನ್ನ ಹೆಗಲ ಮೇಲೆ ಬಿದ್ದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನು ತನ್ನ ಕಸುಬು ಮಾಡಿದ, ಬಿಡಿ. ನನ್ನ ಸಿಟ್ಟೆಲ್ಲ ಜೊತೆಯವರ ಮೇಲೆ.

ಐವತ್ತರ ದಶಕದ ಕೊನೆಯ ಮಾತು. ನಾನು ಹಾಸನದಲ್ಲಿ ಆ ಸಾವುಕಾರನ ಖಾಸಗಿ ಬಸ್ ಕಂಪನಿಯಲ್ಲಿ ಡ್ರೈವರ್. ಅರಕಲಗೂಡು, ಕೊಣನೂರು ನನ್ನ ಲೈನು. ರಾತ್ರಿ ಕಡೇ ಬಸ್ ಓಡಿಸಿದವನೇ ಬೆಳಗಿನ ಮೊದಲ ಬಸ್ಸನ್ನೂ ಓಡಿಸಬೇಕಿತ್ತು. ನಿದ್ದೆ ಅಂದರೆ ಸೀಟಿನ ಮೇಲೆ ಕಾಲು ಮಡಚಿಕೊಂಡು ಬಿದ್ದಿದ್ದಷ್ಟೇ. ಹೊಳೆನರಸೀಪುರದ ಲೈನಿನವನು ಒಂದು ಬೆಳಗ್ಗೆ ತೂಕಡಿಸಿ ಬಸ್ಸನ್ನು ಕೆರೆ ಏರಿಯ ಅಂಚಿಗೆ ಒಯ್ದಿದ್ದ. ಕ್ಲೀನರ್ ಕಿರುಚದಿದ್ದರೆ ಬಸ್ಸಿನ ತುಂಬ ಹೆಣಗಳೇ. ಆಮೇಲೆ ನಾವು ಸಂಘ ಕಟ್ಟಿದೆವು. ಅದಕ್ಕೆ ನಾಲ್ವರು ಮುಖಂಡರು: ನಾನು, ಆ ಹೊಳೆನರಸೀಪುರದವನು, ಚನ್ನರಾಯಪಟ್ಟಣದ ಲೈನಿನವನು, ಮತ್ತು ನಾವೆಲ್ಲ ಅಣ್ಣ ಎನ್ನುತ್ತಿದ್ದ ಹಾಸನದ ಹಿರಿಯ ಡ್ರೈವರ್. ಕೇಳಿದ್ದು ಒಂದೇ, ಕಡೇ ಬಸ್ಸಿನವನಿಗೆ ಮೊದಲ ಬಸ್ ಬೇಡ. ಒಬ್ಬೊಬ್ಬರೇ ರಾಜಿಯಾಗುವುದಿಲ್ಲವೆಂದು ಒಂದೇ ಸ್ಟೇರಿಂಗ್ ಮೇಲೆ ನಾಲ್ವರೂ ಕೈ ಇಟ್ಟು ಆಣೆ ಮಾಡಿದ್ದೆವು.

ಮಾತುಕತೆ ಸಾವುಕಾರನ ಮನೆಯ ಜಗಲಿಯಲ್ಲಿ. ಬೆಳಗ್ಗೆಯೆಲ್ಲ ನಾವು ಪಟ್ಟು ಬಿಡಲಿಲ್ಲ, ಅವನು ಬೆವರಿದ. ಊಟದ ಹೊತ್ತಿಗೆ ನನ್ನೊಬ್ಬನನ್ನು ಒಳಗೆ ಕರೆದ. ಕೊಣನೂರಿನಲ್ಲಿರುವ ಮಗಳ ಮನೆಗೆ ಉಪ್ಪಿನಕಾಯಿ ಜಾಡಿ ಮುಟ್ಟಿಸಬೇಕಂತೆ. ಅವನ ಮನೆಯ ಸಾಮಾನು ಸಾಗಿಸುವುದು ನಮಗೆ ದಿನದ ಪಾಡು, ಹೋದೆ. ಕೂರಿಸಿ ಕಾಫಿ ಕೊಡಿಸಿದ. ಕೊಣನೂರಿನ ಸಂತೆ, ಮಳೆ ವಿಚಾರಿಸಿದ. ಸಂಘದ ಸೊಲ್ಲೇ ಇಲ್ಲ. ಹೊರಡುವಾಗ ಬಾಗಿಲ ತನಕ ಬಂದು, ಮೂವರೂ ನೋಡುವಂತೆ ನನ್ನ ಹೆಗಲ ಮೇಲೆ ಕೈ ಹಾಕಿ ನಕ್ಕ. ಅಷ್ಟು ವರ್ಷದಲ್ಲಿ ಅವನು ಯಾವ ಡ್ರೈವರನ್ನೂ ಮುಟ್ಟಿ ಮಾತಾಡಿಸಿದವನಲ್ಲ.

ಬೀದಿಗೆ ಬಂದದ್ದೇ ಹೊಳೆನರಸೀಪುರದವನು ಕೇಳಿದ, “ಒಳಗೇನ್ಲಾ ಮಾತಾಡ್ದೆ?”

“ಏನೂ ಇಲ್ಲ ಕಣ್ಲಾ. ಇಗಾ, ಉಪ್ಪಿನ್ಕಾಯಿ ಜಾಡಿ.”

“ಜಾಡಿ ಕೊಡಾಕೆ ಎಗಲ್ ಮ್ಯಾಲೆ ಕೈ ಆಕ್ತಾರಾ?”

ನಾನು ಹಿರಿಯನ ಕಡೆ ತಿರುಗಿ, “ಅಣ್ಣ, ನೀನಾರ ಇವ್ರಿಗೆ ಏಳು” ಅಂದೆ. ಅವನು ಬೀಡಿ ಹಚ್ಚಿಕೊಂಡು ಮುಖ ತಿರುಗಿಸಿದ. ನನ್ನ ಮಗಳಿಗೆ ಹೆಸರಿಟ್ಟವನು ಅವನು!

ಊಟ ಮುಗಿಸಿ ಬರುವಷ್ಟರಲ್ಲಿ ಚನ್ನರಾಯಪಟ್ಟಣದವನು ಹಿತ್ತಿಲ ಬಾಗಿಲಿಂದ ಹೊಕ್ಕು, ತನ್ನ ಲೈನಿನ ಮಟ್ಟಿಗೆ ಒಪ್ಪಿ ಬಂದಿದ್ದ. ಅರಕಲಗೂಡು ಲೈನಿನವನು ಆಗಲೇ ರಾಜಿಯಾಗಿದ್ದಾನೆ, ನಾನ್ಯಾಕೆ ಕೆಡಲಿ ಅಂದನಂತೆ. ಅವನಿಗೆ ಹೊಸ ಬಸ್ ಸಿಕ್ಕಿತು. ಮಿಕ್ಕ ಇಬ್ಬರೂ ಅವನ ಹಿಂದೆಯೇ ಹೋದರು. ಅಣ್ಣನಿಗೆ ಬರೀ ಹಗಲಿನ ಟ್ರಿಪ್ಪು, ಹೊಳೆನರಸೀಪುರದವನ ತಮ್ಮನಿಗೆ ಕಂಡಕ್ಟರ್ ಕೆಲಸ. ನಿದ್ದೆಯ ಮಾತನ್ನು ಯಾರೂ ಎತ್ತಲಿಲ್ಲ. ನಾನು ಜಾಡಿ ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದೆ. ಆ ರಾತ್ರಿ ಕಡೇ ಬಸ್ ಓಡಿಸಿದೆ, ಬೆಳಗ್ಗೆ ಮೊದಲ ಬಸ್ಸನ್ನೂ.

ಕೆಲವು ವರ್ಷಗಳ ಮೇಲೆ ಹೊಳೆನರಸೀಪುರದವನು ಹಾಸನದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕ. ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು, ಕಡೇ ಬಸ್, ಮೊದಲ ಬಸ್ ಎರಡನ್ನೂ ಇನ್ನೂ ಅವನೇ ಓಡಿಸುತ್ತಿದ್ದ. ಟೀ ತರಿಸಿದ. ಒಂದು ಒಳ್ಳೆಯ ಮಾತು ಆಡುತ್ತಾನೆಂದು ನಾನು ಆಸೆಪಟ್ಟೆ. ಅವನು ಹತ್ತಿರ ಬಾಗಿ, “ಈಗಾರ ನಿಜ ಏಳ್ಲಾ, ಅವತ್ತು ಒಳಗೆ ನಿಂಗೇನ್ ಕೊಟ್ಟ?” ಅಂದ.

“ಕಾಫಿ” ಅಂದೆ.

“ಓಗ್ಲಿ ಬುಡು, ಏಳ್ಬ್ಯಾಡ” ಎಂದು ನಕ್ಕು, ನನ್ನ ಹೆಗಲ ಮೇಲೆ ಕೈ ಹಾಕಿದ.

ಆ ಕೈಯನ್ನು ಕಿತ್ತು ಹಾಕಿ, ಟೀ ಕುಡಿಯದೆ ಎದ್ದು ಬಂದೆ.