ಹೊಸ ಗೋದಾಮಿನ ಪೂಜೆಗೆ ಅಪ್ಪನನ್ನು ಕರೆದಿದ್ದೆ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ನಮ್ಮ ಹೋಬಳಿ ಮಧುರೆಯಿಂದ ದೊಡ್ಡಬಳ್ಳಾಪುರಕ್ಕೆ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಓದಿದ ಬಿ.ಕಾಂ. ಅದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸೇರಿದ್ದು ಒಂದು ತರಕಾರಿ ಕಂಪನಿಗೆ. ರೈತರಿಂದ ಕೊಂಡು ಬೆಂಗಳೂರಿನ ಅಂಗಡಿಗಳಿಗೆ ಕಳಿಸುವ ಕೆಲಸ. ಆಗ ಕಂಪನಿ ಎಂದರೆ ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಒಂದು ಶೆಡ್ಡು, ಮಾಲೀಕರು, ನಾನು, ನಾಲ್ಕೈದು ಹಮಾಲರು. ಬೆಳೆಯುವ ಕಂಪನಿಯಲ್ಲಿರುವ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಜೊತೆ ಓದಿದವರು ಬೇರೆ ಕಡೆ ಒಂದೇ ಕೆಲಸ ಮಾಡಿಕೊಂಡು ಕೂತಿದ್ದಾಗ ನಾನು ಜಿಎಸ್‌ಟಿ ಕಲಿತೆ, ಇಂಗ್ಲಿಷಿನಲ್ಲಿ ಮೇಲ್ ಬರೆಯುವುದನ್ನು ಕಲಿತೆ, ಲಾರಿಯವರ ಜೊತೆ ಜಗಳವಾಡುವುದನ್ನೂ ಕಲಿತೆ. ಟೊಮೆಟೊ ದರ ಬಿದ್ದ ದಿನ ರೈತರ ಬೈಗುಳ ತಿಂದವನೂ ನಾನೇ.

ಮಾಲೀಕರು ನನ್ನ ಡಬ್ಬಿಯಿಂದ ಮುದ್ದೆ ಮುರಿದುಕೊಳ್ಳುತ್ತಾ, "ತ್ಯಾಮಗೊಂಡ್ಲು ಕಡೆ ದೊಡ್ಡ ಗೋದಾಮು ಮಾಡೇ ಮಾಡ್ತೀವಿ ಗುರು. ಅಲ್ಲಿಗೆ ನೀನೇ ಮ್ಯಾನೇಜರ್" ಎನ್ನುತ್ತಿದ್ದರು. ಒಂದು ಸಲವಲ್ಲ, ಎಷ್ಟೋ ಸಲ. ಬರೆದುಕೊಡಿ ಎಂದು ನಾನು ಕೇಳಲಿಲ್ಲ. ಜೊತೆಯಲ್ಲಿ ಉಂಡವರ ಹತ್ತಿರ ಪತ್ರ ಕೇಳಿದರೆ, ನಮ್ಮ ಕಡೆ, ಅವರನ್ನು ಕಳ್ಳರು ಎಂದಂತೆ.

ಗೋದಾಮು ಎದ್ದಿತು. ಅಲ್ಲಿಗೆ ನಾನೇ ಮ್ಯಾನೇಜರ್ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದೆ. ಪೂಜೆಗೆ ಅಪ್ಪ ಇಸ್ತ್ರಿ ಪಂಚೆ ಉಟ್ಟು, ದೊಡ್ಡಪ್ಪನನ್ನೂ ಹೊರಡಿಸಿಕೊಂಡು ಬಂದ. ಜಾಗ ನೋಡಿಕೊಳ್ಳುವವನೇ ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆಯುವುದು ನಮ್ಮ ಕಂಪನಿಯ ರೂಢಿ. ಶೆಡ್ಡಿನಲ್ಲಿ ಪ್ರತಿ ಆಯುಧಪೂಜೆಗೂ ನಾನೇ ಒಡೆದಿದ್ದೆ. ಅಂದೂ ಕಾಯಿ ಕೊರೆದು, ಕುಂಕುಮ ತುಂಬಿ, ಕರ್ಪೂರ ಇಟ್ಟು ನಿಂತೆ. ಮಾಲೀಕರು ಬಂದು ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕದವನಿಗೆ ಕೊಟ್ಟರು. ಎಂಬಿಎ ಮುಗಿಸಿ ಹೊಸದಾಗಿ ಸೇರಿದ್ದವನು, ನನ್ನಿಂದಲೇ ಕೆಲಸ ಕಲಿಯುತ್ತಿದ್ದವನು.

"ಇವರು ಇಲ್ಲಿನ ಮ್ಯಾನೇಜರ್" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದೆ ನಿಂತಿದ್ದ ಅಪ್ಪನೂ, ನನ್ನನ್ನೇ ಅಂದರೆಂದುಕೊಂಡು, ತಟ್ಟಿದ.

ಊಟವಾದ ಮೇಲೆ ಮಾಲೀಕರನ್ನು ಹಿಡಿದು ಕೇಳಿದೆ. "ಸಾರ್, ನನಗೆ ಅಂದಿದ್ರಲ್ಲ?"

"ಆವಾಗ ಕಂಪನಿ ಚಿಕ್ಕದಿತ್ತಪ್ಪ. ಈಗ ದುಡ್ಡು ಹಾಕಿರೋರು ಓದಿರೋರನ್ನ ಕೇಳ್ತಾರೆ."

"ನಾನೂ ಓದಿದ್ದೀನಿ ಸಾರ್."

ಅವರು ನಕ್ಕರು. ಅಷ್ಟು ವರ್ಷ ಜೊತೆಗಿದ್ದವರು, ನಕ್ಕೇಬಿಟ್ಟರು. ಭುಜ ತಟ್ಟಿ, "ನೀನು ನಮ್ಮವನು ಗುರು, ಎಲ್ಲಿಗೆ ಹೋಗ್ತೀಯ?" ಎಂದರು.

ಕಂಪನಿಯ ಜೊತೆ ನಾನೂ ಬೆಳೆಯುತ್ತಿದ್ದೇನೆ ಅಂದುಕೊಂಡಿದ್ದೆ. ಅವರ ಲೆಕ್ಕದಲ್ಲಿ ನಾನಿನ್ನೂ ಆ ಶೆಡ್ಡಿನಲ್ಲೇ ಇದ್ದೆ.

ವಾಪಸ್ ಬರುವಾಗ ಆಟೋದಲ್ಲಿ ದೊಡ್ಡಪ್ಪ ಸುಮ್ಮನಿರಲಿಲ್ಲ. "ಏನ್ಲಾ, ಮ್ಯಾನೇಜ್ರು ಅಂದಿದ್ದೆ? ಕಾಯಿಗೆ ಕುಂಕುಮ ತುಂಬೋ ಮ್ಯಾನೇಜ್ರಾ?"

"ಸುಮ್ಕಿರಣ್ಣ" ಎಂದ ಅಪ್ಪ. "ಇವನ್ನ ಇನ್ನೂ ದೊಡ್ ಕಡೆ ಹಾಕ್ತಾರಂತೆ. ನನ್ ಹತ್ರ ಅವ್ರೇ ಅಂದ್ರು."

ಯಾರೂ ಅಂದಿರಲಿಲ್ಲ. ಅಪ್ಪ ನನ್ನ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತಿದ್ದ.

ಬೇರೆ ಕೆಲಸ ಸಿಗುವ ಮೊದಲೇ, ಆ ತಿಂಗಳ ಕೊನೆಗೆ ಬಿಟ್ಟೆ. ಯಾಕೆ ಬಿಡುತ್ತೀಯ ಎಂದು ಮಾಲೀಕರು ಕೇಳಬಹುದೆಂದು ಉತ್ತರವನ್ನೂ ಯೋಚಿಸಿಟ್ಟುಕೊಂಡು ಹೋಗಿದ್ದೆ. ಅವರು ಕೇಳಲಿಲ್ಲ.